ಗೋಷಾ ಮನೆಗೆ ಹೋದ ಕ್ಯಾಮೆರಾ

೧೯೩೬ರಲ್ಲಿ ವಾಡಿ ಬಿಟ್ಟು ಹೊರಟ ಎಂಜಿನ್ ಡ್ರೈವರನೊಬ್ಬ ತನ್ನ ಡಬ್ಬಿ ಕ್ಯಾಮೆರಾವನ್ನು ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತ ನಾಗೇಂದ್ರಪ್ಪನಿಗೆ ಕೊಟ್ಟುಹೋದ. ನಾಗೇಂದ್ರಪ್ಪ ಅದನ್ನು ಎರಡು ದಿನ ಹಿಂದೆ ಮುಂದೆ ತಿರುಗಿಸಿ ನೋಡಿ, ತನಗಿದು ತಿಳಿಯುವುದಿಲ್ಲವೆಂದು ಹೆಂಡತಿಯ ಕೈಗೆ ಕೊಟ್ಟ. ಗುರುದೇವಿಗೆ ಆಗ ಮೂವತ್ತು ವರ್ಷ. ಮನೆಯ ಹೊಲಿಗೆ ಯಂತ್ರವನ್ನು ತಾನೇ ಬಿಚ್ಚಿ ತಾನೇ ಜೋಡಿಸಿದ್ದವಳು. ಅಂದು ಒಲೆಯ ಮೇಲಿನ ಬೇಳೆ ಸೀದುಹೋಯಿತು.

ಒಂದು ರೀಲಿಗೆ ಎಂಟು ಫೋಟೋ. ಎಂಟನ್ನೂ ಒಂದೇ ದಿನದಲ್ಲಿ ತೆಗೆದು, ತೊಳೆಯಲು ಹೈದರಾಬಾದಿಗೆ ಕಳಿಸಿದಳು. ಮೂರು ವಾರಕ್ಕೆ ಬಂದವು. ಒಮ್ಮೆ ರೀಲು ತಿರುವಲು ಮರೆತದ್ದರಿಂದ ಎರಡು ಚಿತ್ರ ಒಂದರ ಮೇಲೊಂದು ಬಿದ್ದು, ಮನೆಯ ಬಾಗಿಲ ಮೇಲೆಯೇ ರೈಲು ಎಂಜಿನ್ ಹತ್ತಿ ನಿಂತಿತ್ತು. ತೀರ ಹತ್ತಿರ ಹೋಗಿ ತೆಗೆದ ಕೋಳಿಗಳು ಅರಳೆಯ ಉಂಡೆಗಳಾಗಿದ್ದವು. ಅತ್ತೆ ಸೂಗಮ್ಮ ಇಳಕಲ್ಲ ಸೀರೆಯುಟ್ಟು ಕುಳಿತಿದ್ದಳು, ಆದರೆ ಕುತ್ತಿಗೆಯವರೆಗೆ ಮಾತ್ರ. ಸೂಗಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದಳು. "ಸೀರಿ ಛಲೋ ಬಂದದ. ಆದ್ರ ಇದು ನಾನ ಅಂತ ಮಂದಿಗಿ ಹ್ಯಾಂಗ ಹೇಳೂದು?" ಅಂದಳು. ಮೂವರೂ ನಕ್ಕು ನಕ್ಕು ಸುಸ್ತಾದರು.

ಮುಂದಿನ ರವಿವಾರ ಗಂಡ ಹೆಂಡತಿ ರೈಲಿನಲ್ಲಿ ಶಹಾಬಾದಕ್ಕೆ ಹೋದರು. ಅಲ್ಲಿ ಅಮೀರ್ ಅಲಿ ಎಂಬ ಮುದುಕ ಮೂವತ್ತು ವರ್ಷದಿಂದ ಫೋಟೋ ಅಂಗಡಿ ಇಟ್ಟಿದ್ದ. ಆತ ಎಂಟೂ ಫೋಟೋಗಳನ್ನು ಮೇಜಿನ ಮೇಲೆ ಹರವಿ ನೋಡಿದ. ನಗಲಿಲ್ಲ.

"ತಂಗಿ, ನಿನಗ ಮನಷ್ಯಾರು ಕಾಣಲಿಕತ್ಯಾರ, ಬೆಳಕು ಕಾಣವಲ್ದು. ಒಂದು ತಿಂಗಳು ರೀಲ್ ಹಾಕಬ್ಯಾಡ. ಬರೇ ಡಬ್ಬಿ ಹಿಡಕೊಂಡು ನೋಡು."

ಎಂಟು ಹೆಜ್ಜೆ ಹಿಂದೆ ನಿಲ್ಲಬೇಕು, ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು, ಮೇಲಿನ ಪುಟ್ಟ ಗಾಜಿನಲ್ಲಿ ನಾಲ್ಕೂ ಮೂಲೆ ನೋಡಬೇಕು, ಕೀಲು ಒತ್ತುವಾಗ ಉಸಿರು ಹಿಡಿಯಬೇಕು ಎಂದು ಹೇಳಿಕೊಟ್ಟ.

ಗುರುದೇವಿ ತಿಂಗಳಿಡೀ ಖಾಲಿ ಡಬ್ಬಿಯಲ್ಲಿ ನೋಡಿದಳು. ಜೋಳ ಹಸನು ಮಾಡುತ್ತ ಕೂತ ಅತ್ತೆಯ ಮುಖ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ. ನಡು ಮಧ್ಯಾಹ್ನ ಕಣ್ಣುಗಳಿದ್ದಲ್ಲಿ ಎರಡು ಕಪ್ಪು ಕುಳಿ. ಮತ್ತೆ ಶಹಾಬಾದಕ್ಕೆ ಹೋದ ದಿನ, ಕಲ್ಲಿನ ಅಡ್ಡೆಯಲ್ಲಿ ಚಪ್ಪರದ ನೆರಳಿಗೆ ಕೂತು ಹಾಸುಗಲ್ಲು ಉಜ್ಜುತ್ತಿದ್ದ ಹೆಂಗಸರನ್ನು ಕಂಡು ನಿಂತುಬಿಟ್ಟಳು. ನೆರಳಿನಲ್ಲಿದ್ದರೂ ಅವರ ಮುಖಗಳು ಬೆಳ್ಳಗೆ ಬೆಳಗುತ್ತಿದ್ದವು. ಎದುರಿಗೆ ಬಿಸಿಲಲ್ಲಿ ಹರವಿದ್ದ ಕಲ್ಲುಗಳಿಂದ ಬೆಳಕು ಏಳುತ್ತಿತ್ತು. ಓಡಿಹೋಗಿ ಅಮೀರ್ ಅಲಿಗೆ ಹೇಳಿದಳು. ಆತ ಬಂದು ನೋಡಿ, ಇಷ್ಟು ವರ್ಷ ಇದೇ ಊರಲ್ಲಿದ್ದೂ ತನಗಿದು ಕಂಡಿರಲಿಲ್ಲ ಎಂದು ಒಪ್ಪಿಕೊಂಡ. ನಂತರ, ನೀನು ಒಂದು ಕೆಲಸ ಮಾಡಬೇಕು ಅಂದ.

ಆ ಊರಿನ ಕಮರುನ್ನೀಸಾ ಬೇಗಮ್ಮಳದು ಗೋಷಾ ಮನೆತನ. ಪರಗಂಡಸರ ಎದುರು ಆಕೆ ಬರುವವಳಲ್ಲ. ಮಗಳು ಶಹರಬಾನುವನ್ನು ಔರಂಗಾಬಾದಿಗೆ ಕೊಟ್ಟು ಐದು ವರ್ಷ. ಪ್ರತಿ ಕಾಗದದಲ್ಲೂ ಅಮ್ಮನ ಫೋಟೋ ಕಳಿಸಿ ಎಂದು ಮಗಳು ಬರೆಯುತ್ತಿದ್ದಳು. ಅಮೀರ್ ಅಲಿ ಆ ಬಾಗಿಲು ದಾಟುವಂತಿರಲಿಲ್ಲ.

ಹೊಸ ರೀಲು ಹಾಕಿಕೊಂಡು ಗುರುದೇವಿ ಹೋದಳು. ನೋಡುವ ಆಸೆಗೆ ಸೂಗಮ್ಮನೂ ಹೊರಟಳು. ಅಂಗಳದ ಹಾಸುಗಲ್ಲಿನ ಮೇಲೆ ಒಳ್ಳೆಯ ಬಿಸಿಲಿತ್ತು. ಗುರುದೇವಿ ಬೇಗಮ್ಮಳನ್ನು ಪಡಸಾಲೆಯ ನೆರಳಲ್ಲಿ, ಅಂಗಳಕ್ಕೆ ಮುಖ ಮಾಡಿ ಕೂರಿಸಿದಳು. ಬೆಳಕು ತಾನೆಣಿಸಿದಂತೆಯೇ ಮುಖದ ಮೇಲೆ ಬಂತು. ಆದರೆ ಬೇಗಮ್ಮ ಮೈ ಬಿಗಿಹಿಡಿದು, ಕಣ್ಣು ಅಗಲಿಸಿ ಕೂತಿದ್ದಳು. ಆರು ಫೋಟೋ ಹಾಗೇ ಮುಗಿದವು. ಏಳನೆಯದಕ್ಕೆ ಮೂಲೆಯಿಂದ ಸೂಗಮ್ಮ ನಿಜವಾಗಿಯೇ ತಿಳಿಯದೆ ಕೇಳಿದಳು:

"ಬೀಬಿ, ಉಸಿರು ಹಿಡಿಯೂದು ನಮ್ಮ ಸೊಸಿ. ನೀವ್ಯಾಕ ಹಿಡದೀರಿ?"

ಬೇಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗುರುದೇವಿ ಅವಸರ ಮಾಡಲಿಲ್ಲ. ನಗು ಇಳಿದು, ಸೆರಗು ಸರಿದು, ತುಟಿಯಲ್ಲಿ ಇನ್ನೂ ಒಂದಿಷ್ಟು ಉಳಿದಿದ್ದಾಗ ಒತ್ತಿದಳು.

ಗೋಷಾ ಹೆಂಗಸಿನ ಮುಖ ಇರುವ ಆ ರೀಲನ್ನು ತೊಳೆಯಲು ಯಾವ ಗಂಡಸಿಗೂ ಕೊಡುವಂತಿರಲಿಲ್ಲ. ಅಮೀರ್ ಅಲಿ ತನ್ನ ಕತ್ತಲೆ ಕೋಣೆಯ ಹೊರಗೆ ನಿಂತು, ಬಾಗಿಲ ಮೂಲಕ ಒಂದೊಂದೇ ಹೇಳಿದ. ಒಳಗೆ ಗುರುದೇವಿ ತಾನೇ ತೊಳೆದಳು. ಮದ್ದಿನ ನೀರಿನಲ್ಲಿ ಕಾಗದದ ಮೇಲೆ ಏಳನೆಯ ಮುಖ ಮೂಡಿದಾಗ ಆಕೆಗೆ ಕೂಗಬೇಕೆನಿಸಿತಂತೆ.

ಶಹರಬಾನು ಬರೆದ ಕಾಗದವನ್ನು ಬೇಗಮ್ಮ ಯಾರಿಂದಲೋ ಓದಿಸಿ, ಗುರುದೇವಿಗೂ ಕೇಳಿಸಿದಳು. ಫೋಟೋವನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡಿದ್ದೇನೆಂದೂ, ಅಮ್ಮ ಹೀಗೆ ನಗುತ್ತಿದ್ದುದನ್ನೇ ತಾನು ಮರೆತಿದ್ದೆನೆಂದೂ ಅದರಲ್ಲಿತ್ತು.

ಆಮೇಲೆ ಚಿತ್ತಾಪುರ, ಸೇಡಂ, ಚಿಂಚೋಳಿಗಳಿಂದ ಕರೆ ಬರತೊಡಗಿದವು. ಗೋಷಾ ಮನೆಗಳಷ್ಟೇ ಅಲ್ಲ, ಅಂಗಡಿಗೆ ಹೋಗಿ ಕೂರಲು ನಾಚುವ ಸಾಹುಕಾರರ ಮನೆಯ ಸೊಸೆಯರೂ ಕರೆಸಿದರು. ರಜೆಯ ದಿನಗಳಲ್ಲಿ ನಾಗೇಂದ್ರಪ್ಪ ಚೀಲ ಹೊತ್ತು ಜೊತೆಗೆ ಹೋಗುತ್ತಿದ್ದ. ಸೇಡಂನ ಒಂದು ಮನೆಯಲ್ಲಿ ಹೊರಗೆ ಚಹಾ ಕುಡಿಯುತ್ತ ಕೂತವನನ್ನು ಯಜಮಾನರು, ಫೋಟೋ ತೆಗೆಯುವವರು ನೀವೇನು ಎಂದು ವಿಚಾರಿಸಿದರು.

"ನಾ ಚೀಲ ಹೊರಾಂವರಿ," ಅಂದ ನಾಗೇಂದ್ರಪ್ಪ, ಕಪ್ಪು ಕೆಳಗಿಟ್ಟು. "ಫೋಟೋ ತಗಿಯೋರು ಒಳಗ ಹೋಗ್ಯಾರ."