ಆಯುಧಪೂಜೆಗೆ ತೊಳೆದ ತುಕ್ಕು

ಯಶವಂತಪುರದಾಚೆಯ ಒಂದು ಪ್ರಯೋಗಾಲಯದಲ್ಲಿ ಫೋರ್‌ಮನ್ ಆಗಿದ್ದ ಸೇತುರಾಮನಿಗೆ ತುಕ್ಕು ಕಂಡರಾಗದು. ಮನುಷ್ಯರನ್ನು ಕಂಡರೂ ಅಷ್ಟಕ್ಕಷ್ಟೇ. ಆದರೆ ಅವರನ್ನು ಎಮರಿ ಕಾಗದ ಹಾಕಿ ಉಜ್ಜುವಂತಿಲ್ಲವಲ್ಲ! ಬೆಳಿಗ್ಗೆ ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಬಂದಿಳಿದವನೇ ಲೇತಿನ ಮೇಲೆ ಬೆರಳೆಳೆಯುತ್ತಿದ್ದ. ಬೆರಳು ಕೆಂಪಾಯಿತೋ, ಕೆಲಸಗಾರರ ವಂಶವನ್ನೆಲ್ಲ ಜಾಲಾಡುತ್ತಿದ್ದ. ವಿಜ್ಞಾನಿಗಳೆಲ್ಲ ಅವನ ಲೆಕ್ಕದಲ್ಲಿ ಪುಸ್ತಕದ ಬದನೆಕಾಯಿಗಳು. ತಾನೊಬ್ಬನಿಲ್ಲದಿದ್ದರೆ ಇಡೀ ಕಟ್ಟಡ ಗುಜರಿಗೆ ಹೋಗುತ್ತದೆಂದು ಆ ಪುಣ್ಯಾತ್ಮ ಮನಸಾರೆ ನಂಬಿದ್ದ.

ಎಂಬತ್ತೆರಡರ ದಸರಾ. ಜಲಜನಕವನ್ನು ದ್ರವವಾಗಿಸುವ ಯಂತ್ರವನ್ನು ರಿಪೇರಿಗೆಂದು ಬಿಚ್ಚಿದ್ದರು. ಅದರ ಉಸ್ತುವಾರಿಯ ವಿಜ್ಞಾನಿ ಕೌಸಲ್ಯಾ ರಜೆಯಲ್ಲಿದ್ದರು. ಆಯುಧಪೂಜೆಗೆ ಎಲ್ಲವೂ ಫಳಫಳ ಹೊಳೆಯಬೇಕೆಂದು ಸೇತುರಾಮ ಯಂತ್ರದ ಒಂದು ಉಕ್ಕಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ, ಒಳಗೆ ಕಂದುಗೆಂಪು ಹರಳು!

"ಥೂ, ಸೇರುಗಟ್ಟಲೆ ತುಕ್ಕು ಸಾಕಿದಾರೆ!" ಎಂದು ಅಷ್ಟನ್ನೂ ಮೋರಿಗೆ ಸುರಿದ. ಹುಣಿಸೆಹಣ್ಣು ಹಾಕಿ ಡಬ್ಬಿ ಉಜ್ಜಿದ, ಒರೆಸಿದ, ಕುಂಕುಮವಿಟ್ಟ, ಬೂದುಗುಂಬಳ ಒಡೆದ. ಆಮೇಲೆ ಬರಿದಾದ ಡಬ್ಬಿಯನ್ನು ತಾನೇ ಯಂತ್ರಕ್ಕೆ ಕೂರಿಸಿ, ಹಬ್ಬದ ಪುರಿ ಮೆಲ್ಲುತ್ತ ಮನೆಗೆ ಹೋದ.

ಹಬ್ಬ ಮುಗಿದು ಯಂತ್ರ ಓಡಿತು. ಜಲಜನಕ ದ್ರವವೂ ಆಯಿತು. ಆದರೆ ಟ್ಯಾಂಕಿನಲ್ಲಿ ತುಂಬಿಟ್ಟದ್ದು ನಿಲ್ಲಲೇ ಇಲ್ಲ. ಕುದಿಕುದಿದು ಆವಿಯಾಗಿ ಹೋಗುತ್ತಿತ್ತು. ಸೇತುರಾಮ ಬೆರಳು ತೋರಿಸಿದ್ದು ಮುಕ್ತಾರನ ಕಡೆಗೆ. ಆ ಟ್ಯಾಂಕಿಗೆ ಬೆಸುಗೆ ಹಾಕಿದ್ದು ಶೆಟ್ಟಿಹಳ್ಳಿಯ ಈ ದಿನಗೂಲಿ ಹುಡುಗ. ಅವನನ್ನು ಖಾಯಂ ಮಾಡುವ ಮಾತು ಆಗಷ್ಟೇ ನಡೆದಿತ್ತು. ಅದನ್ನೇ ನಂಬಿ ಮನೆಯವರು ತಂಗಿ ಜಾಹಿದಾಳ ನಿಕಾಹ್ ಒಪ್ಪಿಕೊಂಡಿದ್ದರು.

ನಿರ್ದೇಶಕರ ಕೋಣೆಯಲ್ಲಿ ವಿಚಾರಣೆ. "ಬೆಸುಗೆ ಸೋರ್ತಿದೆ ಸಾರ್. ಇಂಥವನನ್ನ ಖಾಯಂ ಮಾಡಿದ್ರೆ ನಾಳೆ ಬಿಲ್ಡಿಂಗೇ ಹಾರೋಗತ್ತೆ," ಎಂದ ಸೇತುರಾಮ.

"ಅಲ್ಲಾ ಆಣೆ ಸಾರ್, ನನ್ ಬೆಸುಗೆ ಬಿಟ್ಟಿಲ್ಲ," ಎಂದ ಮುಕ್ತಾರ್.

ಕೌಸಲ್ಯಾ ಹೇಳಿದರು: "ಟ್ಯಾಂಕ್ ಸೋರ್ತಿಲ್ಲ, ನಾನೇ ನೋಡಿದೀನಿ. ಬಿಸಿ ಒಳಗೇ ಹುಟ್ತಿದೆ. ಜಲಜನಕದಲ್ಲಿ ಎರಡು ಥರದ ಅಣು ಇರತ್ತೆ. ತಣ್ಣಗಾದ್ಮೇಲೆ ಒಂದು ಥರದ್ದು ನಿಧಾನಕ್ಕೆ ಇನ್ನೊಂದಾಗತ್ತೆ, ಆಗ ಬಿಸಿ ಬಿಡತ್ತೆ. ಆ ಬದಲಾವಣೆ ಯಂತ್ರದಲ್ಲೇ ಬೇಗ ಮುಗಿಲಿ ಅಂತ ಕ್ಯಾಟಲಿಸ್ಟ್ ಹಾಕಿರ್ತೀವಿ. ಅದೇ ಕೆಲಸ ಮಾಡ್ತಿಲ್ಲ ಅನ್ಸತ್ತೆ."

ಸೇತುರಾಮ ನಕ್ಕ. ಬಾಯಿ ಮುಚ್ಚಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಆ ಬಾಯಿಗೆ ಮುಚ್ಚಳವೆಲ್ಲಿ? "ಮೇಡಂ, ಯಂತ್ರದ ವಿಷಯ ನನಗೆ ಬಿಡಿ. ಹಬ್ಬಕ್ಕೆ ನಾನೇ ಕೈಯಾರೆ ತೊಳೆದಿದೀನಿ. ನಿಮ್ಮ ಡಬ್ಬೀಲಿ ಎಷ್ಟು ತುಕ್ಕಿತ್ತು ಗೊತ್ತಾ? ಒಂದು ಹರಳೂ ಬಿಡ್ಲಿಲ್ಲ!"

ಕೌಸಲ್ಯಾ ಹಣೆ ಚಚ್ಚಿಕೊಂಡರು. "ಆ ತುಕ್ಕೇ ಕಣ್ರೀ ಕ್ಯಾಟಲಿಸ್ಟು," ಎಂದರು.

ಮುಕ್ತಾರ್ ಖಾಯಂ ಆದ. ಸೇತುರಾಮ ತಪ್ಪಾಯಿತೆಂದನೇ? ಛೆ! "ಇನ್ಮೇಲಾದ್ರೂ ಕಣ್ಬಿಟ್ಟು ಕೆಲಸ ಮಾಡಯ್ಯ," ಎಂದು ಅವನಿಗೇ ಬುದ್ಧಿ ಹೇಳಿದ. ನಿವೃತ್ತನಾಗುವವರೆಗೂ ಬೆನ್ನ ಹಿಂದೆ ಎಲ್ಲರೂ ಅವನನ್ನು ತುಕ್ಕುರಾಮ ಎಂದೇ ಕರೆದರು. ಸುದ್ದಿ ಹೆಂಡತಿ ಅಲಮೇಲುವಿನ ಕಿವಿಗೂ ಬಿದ್ದಿತ್ತು.

ಮುಂದಿನ ವರ್ಷದ ಆಯುಧಪೂಜೆಗೆ ಅವನು ಎಮರಿ ಕಾಗದ ಹಿಡಿದು ಮನೆಯ ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ರಂಗೋಲಿ ಹಾಕುತ್ತಿದ್ದ ಆಕೆ ತಲೆಯೆತ್ತದೆ ಹೇಳಿದಳು:

"ರೀ, ತಡೀರಿ. ಆ ತುಕ್ಕು ಯಾರಿಗಾದ್ರೂ ಬೇಕಾಗಿದ್ಯೇನೋ, ಮೊದ್ಲು ಕೇಳ್ಕೊಂಡ್ ಬನ್ನಿ."