ಮಾದೇವಿಯ ಮೈ ಊದಿದ ವರ್ಷ

ನಲವತ್ಮೂರು ವರ್ಷದ ತನಕ ಮಾದೇವಿ ಯಾರ ಮೇಲೂ ಕೈ ಎತ್ತಿದವಳಲ್ಲ. ಶಿರಾಲಿಯಿಂದ ಒಳಗೆ, ಗದ್ದೆಬಯಲಿನ ಅಂಚಿಗಿರುವ ಸರ್ಕಾರಿ ಶಾಲೆಯಲ್ಲಿ ಅವಳು ಬಿಸಿಯೂಟದ ಅಡುಗೆಯವಳು. ಹನ್ನೊಂದು ವರ್ಷದಿಂದ ಅದೇ ಅಡುಗೆಕೋಣೆ, ಅದೇ ದೊಡ್ಡ ಪಾತ್ರೆಗಳು. ಮಕ್ಕಳ ಗಲಾಟೆ ಮಿತಿಮೀರಿದರೆ ಸೌಟಿನಿಂದ ಪಾತ್ರೆಯ ಅಂಚಿಗೆ ಟಣ್ಣೆಂದು ಬಡಿಯುವುದೇ ಅವಳ ದೊಡ್ಡ ಸಿಟ್ಟು. ಗಂಡ ಲಿಂಗಪ್ಪ ಚಿರೆಕಲ್ಲು ಸಾಗಿಸುವ ಲಾರಿಯ ಡ್ರೈವರ್. ಕುಡಿದು ಬಂದ ದಿನ ಹೊಡೆಯುತ್ತಿದ್ದ, ಕುಡಿಯದ ದಿನ ಮಾತಾಡುತ್ತಿರಲಿಲ್ಲ. ಎರಡನ್ನೂ ಅವಳು ಮಳೆ ಬಿಸಿಲಿನ ಹಾಗೆ ತೆಗೆದುಕೊಂಡಿದ್ದಳು. ಒಬ್ಬಳೇ ಮಗಳು ಸುಪ್ರಿಯಾ ಮದುವೆಯಾಗಿ ಕುಮಟಾದಲ್ಲಿದ್ದಳು.

ಗೋಳು ಶುರುವಾದದ್ದು ಮೊಣಕಾಲಿನಿಂದ. ಅನ್ನದ ಪಾತ್ರೆ ಇಳಿಸಿ ಬಗ್ಗಿದರೆ ಏಳಲಾಗದು, ಎದ್ದರೆ ಕೂರಲಾಗದು. ಜೊತೆಗೆ ಅಡುಗೆ ಮಾಡುತ್ತಿದ್ದ ನಾಗಮ್ಮ ಅವಳಿಗಿಂತ ಹಿರಿಯಳು. ಅವಳೇ ದಾರಿ ತೋರಿಸಿದ್ದು.

"ಹೊನ್ನಾವರದಲ್ಲಿ ಒಬ್ಬ ಪುಡಿ ಕೊಡ್ತ ಮಾರಾಯ್ತಿ. ಬೇರಿನ ಪುಡಿ. ನಾನೂ ತಿಂತೆ. ಎರಡು ದಿನದಲ್ಲಿ ಓಡ್ತೆ ನೋಡು ನೀನು."

ಎರಡು ದಿನ ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಮಾದೇವಿ ಬಾವಿಕಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕಿದಳು. ಪುಡಿ ಕೊಟ್ಟವನನ್ನು ದೇವರೆಂದುಕೊಂಡಳು. ನಾಗಮ್ಮ ನೋವು ಬಂದಾಗಷ್ಟೇ ತಿನ್ನುತ್ತಿದ್ದಳು, ಮಾದೇವಿ ದಿನಕ್ಕೆರಡು ಸಲ ತಪ್ಪದೆ ತಿಂದಳು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ ಪೊಟ್ಟಣ ತರುತ್ತಿದ್ದಳು. ಹೀಗೆ ಒಂದು ವರ್ಷ ದಾಟಿತು.

ಅಷ್ಟರಲ್ಲಿ ಅವಳ ಮೈ ಅವಳದ್ದಾಗಿ ಉಳಿದಿರಲಿಲ್ಲ. ಮುಖ ಉಂಡೆಯಾಯಿತು. ಕೈಕಾಲು ಸಣ್ಣಗಾಗುತ್ತಾ ಬಂದವು, ಹೊಟ್ಟೆ ಮಾತ್ರ ಮುಂದೆ ಮುಂದೆ ಬಂತು. ಅದರ ಮೇಲೆ ನೇರಳೆ ಬಣ್ಣದ ಗೆರೆಗಳು, ಬೆಕ್ಕು ಪರಚಿದ ಹಾಗೆ. ಸುಮ್ಮನೆ ಮೇಜಿಗೆ ತಾಗಿದರೂ ಮೊಣಕೈ ಕಪ್ಪಾಗುತ್ತಿತ್ತು. ಎಷ್ಟು ಉಂಡರೂ ಹಸಿವು ಇಂಗುತ್ತಿರಲಿಲ್ಲ. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ನಿದ್ದೆ ಇಲ್ಲ. ಇವೆಲ್ಲಕ್ಕಿಂತ ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಸಿಟ್ಟು. ಎಲ್ಲಿಂದಲೋ ಬಂದು ಕುತ್ತಿಗೆ ಹಿಡಿಯುತ್ತಿತ್ತು. ಒಂದು ದಿನ ಅಂಗಳಕ್ಕೆ ಬಂದ ನಾಯಿಗೆ ಅವಳು ಎಸೆದ ಕಲ್ಲಿಗೆ ಅದರ ಕಾಲು ಮುರಿಯಿತು. ಅದು ಕುಂಟುತ್ತಾ ಕೂಗುತ್ತಾ ಓಡಿದ್ದನ್ನು ನೋಡಿ ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು.

ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತ ಲಿಂಗಪ್ಪ ಅವಳ ಹೊಟ್ಟೆಯನ್ನೇ ನೋಡುತ್ತಾ ಕೇಳಿದ:

"ಎಷ್ಟು ತಿಂಗ್ಳು?"

"ಎಂತದು?"

"ನಾನು ವಾರದಲ್ಲಿ ನಾಲ್ಕು ದಿನ ರೋಡಲ್ಲಿ. ಹೊಟ್ಟೆ ಯಾರದ್ದು ಅಂತ ಕೇಳಿದೆ."

"ಸುಪ್ರಿಯಾ ಹುಟ್ಟಿದ ಮೇಲೆ ಆಪರೇಶನ್ ಆದದ್ದು ಮರೆತು ಹೋಯ್ತಾ ನಿಮಗೆ?"

ಉತ್ತರವಾಗಿ ಬಂದದ್ದು ಕೆನ್ನೆಗೆ ಏಟು. ಎರಡನೆಯದಕ್ಕೆ ಅವಳು ಗೋಡೆಗೆ ಹೋಗಿ ಬಿದ್ದಳು. ಮೂರನೆಯದಕ್ಕೆ ಅವನು ಕೈ ಎತ್ತಿದಾಗ ಮಾದೇವಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳ ಬುಡಕ್ಕೆ ಹಲ್ಲು ಊರಿದಳು. ಅವನು ಕಿರುಚಿದ, ಅವಳ ಕೂದಲು ಹಿಡಿದು ಜಗ್ಗಿದ. ಅವಳು ಬಿಡಲಿಲ್ಲ. ಬಾಯಿಗೆ ರಕ್ತದ ರುಚಿ ಬಂದ ಮೇಲೆಯೇ ಬಿಟ್ಟದ್ದು. ಪಕ್ಕದ ಮನೆಯವರು ಓಡಿ ಬಂದು ನೋಡಿದಾಗ ಅನ್ನದ ತಟ್ಟೆಯ ತುಂಬ ರಕ್ತ. ಯಾರದ್ದೆಂದು ಅವರಿಗೆ ತಿಳಿಯಲಿಲ್ಲ. ಮಾರನೇ ದಿನ ಲಿಂಗಪ್ಪನ ಕೈಗೆ ಬ್ಯಾಂಡೇಜು, ಮಾದೇವಿಯ ಮುಖದ ಒಂದು ಬದಿ ಪೂರಾ ಕಪ್ಪು.

ಆ ಮುಖ ಹೊತ್ತುಕೊಂಡೇ ಅವಳು ಶಾಲೆಗೆ ಹೋದಳು. ಊರಲ್ಲಿ ಅಷ್ಟು ಹೊತ್ತಿಗೆ ಬೇರೊಂದು ಮಾತು ಹಬ್ಬಿತ್ತು. ಮಕ್ಕಳ ಮೊಟ್ಟೆ ಅಡುಗೆಯವಳ ಹೊಟ್ಟೆಗೆ ಹೋಗುತ್ತಿದೆ ಎಂದು. ಅದನ್ನು ಹೆಚ್ಚು ಆಡಿದವನು ಶಾಲಾ ಸಮಿತಿಯ ವಿಶ್ವನಾಥ. ವಾರ ಕಳೆಯುವುದರೊಳಗೆ ಅವನು ಇನ್ನಿಬ್ಬರನ್ನು ಕರೆದುಕೊಂಡು ಅಡುಗೆಕೋಣೆಗೇ ಬಂದ. ಮೊಟ್ಟೆ ಬೇಯಿಸುವ ದಿನ ಅದು. ಹೆಡ್‌ಮಾಸ್ತರ ಶ್ರೀಧರ "ಲೆಕ್ಕ ಸರಿ ಅದೆ, ನಾನೇ ನೋಡ್ತಿದ್ದೆ" ಎಂದು ಬಾಗಿಲಲ್ಲಿ ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ನಿನ್ನ ಚೀಲ ತೋರ್ಸು."

"ಎಂತಕೆ, ವಿಶ್ವನಾಥಣ್ಣ?"

"ತೋರ್ಸು ಅಂದೆ."

ಅವನೇ ಚೀಲ ಕಿತ್ತುಕೊಂಡು ನೆಲಕ್ಕೆ ಸುರಿದ. ಬಾಚಣಿಗೆ, ಬಸ್ಸಿನ ಟಿಕೇಟು, ಪುಡಿಯ ಪೊಟ್ಟಣಗಳು. ಮೊಟ್ಟೆ ಇರಲಿಲ್ಲ. ಪೊಟ್ಟಣಗಳನ್ನು ಕಾಲಿನಿಂದಲೇ ಒಲೆಯ ಕಡೆ ನೂಕಿದ. ಹೊರಗೆ ಮಕ್ಕಳು ಕಿಟಕಿಗೆ ಮುಖ ಒತ್ತಿ ನಿಂತಿದ್ದರು. ಬರಿಗೈಯಲ್ಲಿ ಹೋಗುವುದು ಅವಮಾನವೆನ್ನಿಸಿರಬೇಕು. ಕೈಯಲ್ಲಿದ್ದ ಕೊಡೆಯ ತುದಿಯಿಂದ ಅವಳ ಹೊಟ್ಟೆ ತಿವಿದು, "ಚೀಲದಲ್ಲಿ ಎಂತಕೆ ಇರ್ತದೆ? ಎಲ್ಲ ಇದರ ಒಳಗೇ ಅದೆಯಲ್ಲ" ಎಂದ. ಒಬ್ಬ ನಕ್ಕ.

ಮಾದೇವಿಗೆ ನೆನಪಿರುವುದು ಆ ನಗೆ ಮಾತ್ರ. ಸಾರಿನ ಸೌಟು ಅವಳ ಕೈಯಲ್ಲೇ ಇತ್ತು. ಮೊದಲ ಏಟಿಗೆ ವಿಶ್ವನಾಥನ ಹುಬ್ಬು ಒಡೆಯಿತು, ಎರಡನೆಯದಕ್ಕೆ ಅವನು ಮಂಡಿಯೂರಿದ. ಸೌಟಿನಲ್ಲಿದ್ದ ಬಿಸಿ ಸಾರು ಅವನ ಕುತ್ತಿಗೆಯ ಮೇಲೆ ಹರಿದು ಅವನು ದನದ ಹಾಗೆ ಕೂಗಿದ. ಮೂರನೆಯದಕ್ಕೆ ಅವಳು ಸೌಟು ಎತ್ತಿದಾಗ ಜೊತೆಗಿದ್ದವನು ಅವಳನ್ನು ಹಿಂದಕ್ಕೆ ನೂಕಿದ. ಒಲೆಕಟ್ಟೆಯ ಕಲ್ಲಿನಂಚಿಗೆ ಅವಳ ಪಕ್ಕೆ ಬಡಿಯಿತು. ಒಣಗಿದ ಕಡ್ಡಿ ಮುರಿದಂಥ ಸದ್ದು ನಾಗಮ್ಮನಿಗೂ ಕೇಳಿಸಿತು.

ವಿಶ್ವನಾಥನಿಗೆ ಐದು ಹೊಲಿಗೆ ಬಿದ್ದವು, ಠಾಣೆಯಲ್ಲಿ ದೂರೂ ಬಿತ್ತು. ಮಾದೇವಿಯನ್ನು ಮನೆಗೆ ತಂದು ಮಲಗಿಸಿದರು. ಪಕ್ಕೆಗೆ ಬಿಸಿ ಎಣ್ಣೆ ಹಚ್ಚಿದ್ದೊಂದೇ ಔಷಧ. ಮನೆಯಲ್ಲಿದ್ದ ಉಳಿದ ಪುಡಿಯನ್ನು ಲಿಂಗಪ್ಪ ಕಕ್ಕಸಿಗೆ ಸುರಿದ. "ಈ ಹುಚ್ಚು ಇದರದ್ದೇ" ಎಂದ. ಅವನು ಹೇಳಿದ್ದು ಅರ್ಧ ನಿಜವಾಗಿತ್ತು, ಮಾಡಿದ್ದು ಮಾತ್ರ ಅವಳ ಜೀವಕ್ಕೇ ಬಂತು. ಎರಡನೇ ದಿನ ವಾಂತಿ ಶುರುವಾಯಿತು. ನಾಲ್ಕನೇ ದಿನ ಬೆಳಿಗ್ಗೆ ಬಚ್ಚಲಿಗೆಂದು ಎದ್ದವಳು ಕಣ್ಣು ಕತ್ತಲಿಟ್ಟು ಬಾಗಿಲಿಗೆ ಅಡ್ಡ ಬಿದ್ದಳು. ಕೈಕಾಲು ಮಂಜಿನಂತೆ ತಣ್ಣಗಾಗಿದ್ದವು. ಭಟ್ಕಳದಲ್ಲಿ ಸೂಜಿ ಹಾಕಿದವರು ಮುಂದಕ್ಕೆ ಒಯ್ಯಿರೆಂದರು. ಸುಪ್ರಿಯಾ ಫೋನಿನಲ್ಲೇ ಅಳುತ್ತಾ ಆಂಬುಲೆನ್ಸನ್ನು ಕುಮಟಾಕ್ಕೆ ಕರೆಸಿಕೊಂಡಳು. ನಾಗಮ್ಮನೂ ಜೊತೆಗೆ ಹತ್ತಿದಳು.

ಅಲ್ಲಿಯ ಆಸ್ಪತ್ರೆಯ ಡಾಕ್ಟರು ಶ್ರೀಗೌರಿ, ಮೂವತ್ತೈದರ ಹೆಂಗಸು. ಸೆರಗು ಸರಿಸಿ ಹೊಟ್ಟೆಯ ನೇರಳೆ ಗೆರೆಗಳ ಮೇಲೆ ಬೆರಳಾಡಿಸಿದಳು. ಮುಖದ ಹಳೇ ಕಪ್ಪನ್ನೂ ನೋಡಿದಳು.

"ಎಂತ ಔಷಧಿ ತಗೊಳ್ತಿದ್ರಿ ಅಮ್ಮ?"

ಮಾದೇವಿಗೆ ಮಾತಾಡುವಷ್ಟು ತ್ರಾಣ ಇರಲಿಲ್ಲ. ನಾಗಮ್ಮ ಸೊಂಟದಿಂದ ತನ್ನದೇ ಒಂದು ಪೊಟ್ಟಣ ತೆಗೆದು ಮಂಚದ ಮೇಲಿಟ್ಟು, "ನಾನೇ ತೋರ್ಸಿದ್ದು, ಡಾಕ್ಟ್ರಮ್ಮ" ಎಂದು ಹಣೆ ಚಚ್ಚಿಕೊಂಡಳು.

ಡ್ರಿಪ್ಪು ಹತ್ತಿತು, ಇಂಜೆಕ್ಷನ್ ಬಿತ್ತು. ಸಂಜೆಯ ಹೊತ್ತಿಗೆ ಮಾದೇವಿಗೆ ಮಾತು ಬಂತು. ಮೂರು ದಿನ ಬಿಟ್ಟು ಡಾಕ್ಟರು ಲಿಂಗಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು:

"ಹೊಟ್ಟೆ ಬೆಳೆಯಲಿಕ್ಕೆ ತಿನ್ನುವುದೊಂದೇ ಕಾರಣ ಅಲ್ಲ. ಥೈರಾಯ್ಡ್ ಇರಬಹುದು, ನಿದ್ದೆಗೇಡು ಇರಬಹುದು, ಕುಡಿತ ಇರಬಹುದು, ಮುಟ್ಟು ನಿಲ್ಲುವ ಕಾಲ ಇರಬಹುದು. ಕೆಲವರಿಗೆ ಗಡ್ಡೆಯೂ ಇರ್ತದೆ. ಇವರಿಗೆ ಆದದ್ದು ಸ್ಟೆರಾಯ್ಡಿನಿಂದ. ಬೇರಿನ ಪುಡಿ ಅಂತ ಹೇಳಿ ಅದನ್ನು ಬೆರೆಸಿ ಕೊಟ್ಟಿದ್ದಾರೆ. ಎಲುಬು ಟೊಳ್ಳಾಗಿದೆ, ಪಕ್ಕೆಲುಬು ಎರಡು ಮುರಿದಿದೆ, ಸಕ್ಕರೆ ಏರಿದೆ. ವರ್ಷಕ್ಕಿಂತ ಹೆಚ್ಚು ತಿಂದದ್ದನ್ನು ಒಮ್ಮೆಲೇ ನಿಲ್ಲಿಸಿದ್ದಕ್ಕೆ ಜೀವ ಹೋಗುವುದಿತ್ತು. ನಾವು ಹಂತಹಂತವಾಗಿ ಇಳಿಸಬೇಕು." ಕೊನೆಗೆ, "ಕೆನ್ನೆಯ ಮೇಲಿನದು ಪುಡಿಯದ್ದಲ್ಲ" ಎಂದಳು.

ಲಿಂಗಪ್ಪ ತಲೆ ತಗ್ಗಿಸಿದ. ಹೊರಗೆ ಬಂದವನೇ ಗುಡುಗಿದ: ಇವತ್ತೇ ಹೊನ್ನಾವರಕ್ಕೆ ಹೋಗ್ತೆ, ಆ ಪುಡಿಯವನ ಕೈಕಾಲು ಮುರಿದೇ ಬರ್ತೆ. ವಾರ್ಡಿನೊಳಗಿಂದ ಮಾದೇವಿ ಅವನನ್ನು ಕರೆಸಿದಳು.

"ಅವನ ಕೈ ಮುರೀಲಿಕ್ಕೆ ಹೋಗೋದು ಯಾವ ಕೈ? ನಂಗೆ ಹೊಡೆದ ಕೈಯೇ ಅಲ್ದಾ?"

ಅವನು ಹೋಗಲಿಲ್ಲ. ಡಾಕ್ಟರು ಪೊಟ್ಟಣದೊಂದಿಗೆ ಮೇಲಿನವರಿಗೆ ಬರೆದಳು. ಅಧಿಕಾರಿಗಳು ಹೊನ್ನಾವರದ ಪುಡಿಯವನ ಕೋಣೆಗೆ ಹೋದಾಗ ಬೀಗ ಬಿದ್ದಿತ್ತು. ಅವನು ಈಗ ಯಾವ ಊರಲ್ಲಿ ಯಾರಿಗೆ ಪುಡಿ ಕೊಡುತ್ತಿದ್ದಾನೋ ಗೊತ್ತಿಲ್ಲ.

ಠಾಣೆಯ ದೂರು ಎರಡು ತಿಂಗಳ ಮೇಲೆ ರಾಜಿಯಾಯಿತು. ತಲೆಗೆ ಹೊಡೆದದ್ದು ತಪ್ಪು ಎಂದು ಮಾದೇವಿ ಕೈ ಮುಗಿದಳು. "ಆದ್ರೆ ಮಕ್ಕಳ ಎದುರಿಗೆ ನನ್ನ ಕಳ್ಳಿ ಅಂದದ್ದು. ಕಳ್ಳಿ ಅಲ್ಲ ಅಂತ ಮಕ್ಕಳ ಎದುರಿಗೇ ಹೇಳ್ಬೇಕು" ಎಂದು ಹಟ ಹಿಡಿದಳು. ವಿಶ್ವನಾಥ ಪ್ರಾರ್ಥನೆಯ ಸಾಲಿನ ಮುಂದೆ ನಿಂತು, ಹುಬ್ಬಿನ ಗಾಯದ ಕಲೆ ಮುಟ್ಟಿಕೊಳ್ಳುತ್ತಾ, ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ. ಹಿಂದಿನ ಸಾಲಿನ ಮಕ್ಕಳಿಗೆ ಅದು ಕೇಳಿಸಿರಲಿಕ್ಕಿಲ್ಲ. ಆದರೂ ಮಾದೇವಿ ಸಾಕೆಂದಳು.

ಹೊಟ್ಟೆ ಇಳಿಯಲು ಒಂದು ವರ್ಷ ಹಿಡಿಯಿತು, ಪೂರ್ತಿ ಇಳಿಯಲೂ ಇಲ್ಲ. ಗೆರೆಗಳು ಬೆಳ್ಳಗಾದವು. ಮೊಣಕಾಲಿನ ನೋವು ಮರಳಿ ಬಂತು. ದೊಡ್ಡ ಪಾತ್ರೆ ಎತ್ತಲಾಗದೆ ಅವಳು ಈಗ ತರಕಾರಿ ಹೆಚ್ಚುತ್ತಾಳೆ, ಒಲೆಯ ಕೆಲಸ ಹೊಸಬಳದ್ದು. ಆ ಸಿಟ್ಟೂ ಔಷಧದ್ದೇ ಎಂದು ಡಾಕ್ಟರು ಸಮಾಧಾನ ಹೇಳಿದ್ದಳು. ನಾಯಿಯ ಕಾಲು ಮುರಿದದ್ದನ್ನು ಮಾದೇವಿ ಪುಡಿಯ ತಲೆಗೇ ಕಟ್ಟಿದಳು. ಆದರೆ ಎಲ್ಲವನ್ನೂ ಅದಕ್ಕೆ ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಲಿಂಗಪ್ಪ ಕುಡಿದು ಬಂದು, ಮೀನಸಾರಿಗೆ ಉಪ್ಪು ಹೆಚ್ಚಾಯಿತೆಂದು ಕೈ ಎತ್ತಿದ. ಮಾದೇವಿ ಕೂತಲ್ಲಿಂದ ಏಳಲಿಲ್ಲ.

"ಈಗ ನಾ ಪುಡಿ ತಿಂತಿಲ್ಲ," ಎಂದಳು. "ಹೊಡೆದು ನೋಡಿ."

ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತು ಕೆಳಗಿಳಿಯಿತು. ಲಿಂಗಪ್ಪ ಚಾವಡಿಗೆ ಹೋಗಿ ಕೂತ. ಅವಳು ಇನ್ನೊಂದು ಸೌಟು ಅನ್ನ ಬಡಿಸಿಕೊಂಡು ಊಟ ಮುಗಿಸಿದಳು.