ಬೋನಾಳ ಕೆರೆಯಲ್ಲಿ ವೆನಿಸ್ ನೋಡಿದ ದಿನ

ನಿಜಾಮರ ಸಂಸ್ಥಾನ ಹಿಂದೂಸ್ಥಾನಕ್ಕೆ ಸೇರಿದ ಮೇಲೆ, ಸುರಪುರದ ಹತ್ತಿರದ ನಮ್ಮ ಊರಿಗೆ ಕನ್ನಡ ಸಾಲೆ ಬಂತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಮೀಸೆ ಬಂದವರಿಗಾಗಿ ಮಾಸ್ತರರು ಬೇರೆ ಪಾಠ ಇಟ್ಟಿದ್ದರು. ನಾನೂ ಹೋಗಿ ಕುಳಿತೆ. ಪಾಠವಿದ್ದ ದಿನ ನಮ್ಮ ಕುರಿ ಕಾಯುತ್ತಿದ್ದವಳು ನನ್ನ ಹೆಂಡತಿ. ಅವಳು ಒಲ್ಲೆ ಅಂದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅಪ್ಪ ಮೊದಲೇ ಬೇಡ ಅಂದಿದ್ದ.

ಒಂದು ದಿನ ಮಾಸ್ತರರು ಭೂಗೋಳದ ಪುಸ್ತಕದಲ್ಲಿ ವೆನಿಸ್ ಎಂಬ ಊರಿನ ಚಿತ್ರ ತೋರಿಸಿದರು. ಇಟಲಿ ದೇಶದ ಊರು. ಓಣಿ ಇರಬೇಕಾದಲ್ಲೆಲ್ಲ ನೀರು. ಬಾಗಿಲ ಮೆಟ್ಟಿಲು ನೇರ ನೀರಿಗೆ ಇಳಿದಿತ್ತು. ಊರು ನೋಡಲು ಬಂದ ಗಂಡ ಹೆಂಡತಿ ದೋಣಿಯಲ್ಲಿ ಕುಳಿತು ಮನೆಗಳನ್ನು ನೋಡುತ್ತಿದ್ದರು. ನಾನು ಬಂದು ಇದನ್ನೆಲ್ಲ ಹೇಳಿದಾಗ ಹೆಂಡತಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

“ಓಣ್ಯಾಗೆಲ್ಲ ನೀರಿದ್ರ ಕುರಿ ಎಲ್ಲಿ ನಿಲ್ಲಸ್ತಾರ?”

“ಅಲ್ಲಿ ಕುರಿ ಇಲ್ಲೇನೋ.”

“ಕುರಿ ಇಲ್ಲದ ಊರು! ಗಂಡ ಹೆಂಡ್ತಿ ಜೋಡಿ ಕುಂತಾರ ಅಂತೀರಿ, ಅತ್ತಿ ಯಾವ ದೋಣ್ಯಾಗ ಅದಾಳ?”

ಒಳಗಿದ್ದ ನಮ್ಮವ್ವ ಕೆಮ್ಮಿದಳು. ಹೆಂಡತಿ ದನಿ ಇಳಿಸಿದಳು. “ಇಂಥಾ ಸುಳ್ಳು ಕಲಿಸೋ ಸಾಲಿಗಿ ನೀವು ಹೋಗ್ರಿ, ನಾ ಬಿಸಲಾಗ ಕುರಿ ಹಿಂದ ತಿರಗ್ತೀನಿ. ಭಾಳ ಚಲೋ ಆತು. ಅಮಾಸಿ ಆದಮ್ಯಾಲ ನಾ ಒಲ್ಲೆ.”

ಅಮಾವಾಸ್ಯೆಗೆ ಹೊಲದ ಕೆಲಸ ಇರುವುದಿಲ್ಲ. ಅಪ್ಪ ತಾನೇ ಕುರಿ ಹೊಡೆದುಕೊಂಡು ಹೋದ. ನಾನು ಅವ್ವನನ್ನು ಕೇಳಿ, ಹೆಂಡತಿಯನ್ನು ಬೋನಾಳ ಕೆರೆಗೆ ಕರೆದುಕೊಂಡು ಹೊರಟೆ. ನೀರಿನ ಮೇಲೆ ಕೂತು ನೋಡಿದರೆ ಅವಳಿಗೆ ನಂಬಿಕೆ ಬರಬಹುದು ಎಂಬುದು ನನ್ನ ಎಣಿಕೆ. ಆಗ ನಮ್ಮ ಕಡೆ ಗಂಡ ಮುಂದೆ, ಹೆಂಡತಿ ಹಿಂದೆ, ನಡುವೆ ಒಂದು ಎತ್ತು ಹಾಯುವಷ್ಟು ಜಾಗ. ದಾರಿಯುದ್ದಕ್ಕೂ ಅವಳ ಪ್ರಶ್ನೆಗಳು ನನ್ನ ಬೆನ್ನಿಗೆ ಬಂದು ಬೀಳುತ್ತಿದ್ದವು. ಆ ಊರಲ್ಲಿ ಸತ್ತವರನ್ನು ಎಲ್ಲಿ ಮಣ್ಣು ಮಾಡುತ್ತಾರೆ? ಜಗಳವಾಡಿ ಮನೆ ಬಿಟ್ಟು ಹೊರಟವಳು ಎಲ್ಲಿ ಕಾಲಿಡುತ್ತಾಳೆ?

ಕೆರೆಯಲ್ಲಿ ಮೀನು ಹಿಡಿಯುವ ಮುದುಕನೊಬ್ಬನ ಹರಗೋಲು ಇತ್ತು. ಬಿದಿರ ಬುಟ್ಟಿಗೆ ತೊಗಲು ಹೊದಿಸಿದ ದುಂಡು ದೋಣಿ.

“ಎಲ್ಲಿಗಿ ಹೋಗ್ಬೇಕಪಾ?” ಅಂದ.

“ಎಲ್ಲಿಗೂ ಇಲ್ಲ ಕಾಕಾ, ಸುಮ್ಮ ನೋಡಾಕ.”

“ನೀರು ನೋಡಾಕ ನೀರಾಗ ಯಾಕ ಇಳೀಬೇಕು? ದಂಡಿಮ್ಯಾಲಿಂದ ಕಾಣಂಗಿಲ್ಲೇನು?” ಎಂದು ನಕ್ಕರೂ ಹತ್ತಿಸಿಕೊಂಡ.

ನಾನು ಮುಂದೆ ಕುಳಿತೆ. ರೂಢಿಯಂತೆ ಅವಳು ಹಿಂದೆ ಕುಳಿತಳು. ಮುದುಕ ಹುಟ್ಟು ಹಾಕಿದೊಡನೆ ಹರಗೋಲು ಗರ್ರನೆ ತಿರುಗಿತು. ಅವಳು ಮುಂದಾದಳು, ನಾನು ಹಿಂದಾದೆ. ಅವಳು ಗಾಬರಿಯಿಂದ ಎದ್ದು ನನ್ನ ಹಿಂದಕ್ಕೆ ಬರಲು ನೋಡಿದಳು.

“ಏ ತಂಗಿ, ಕುಂದ್ರವ್ವಾ!” ಮುದುಕ ಕೂಗಿದ. “ಇದಕ್ಕ ಹಿಂದ ಮುಂದ ಇಲ್ಲ. ನೀ ಎದ್ದರ ಎಲ್ಲಾರೂ ಮೀನಿನ ಸಂಗಾಟ!”

ಕುಳಿತಳು. ಹರಗೋಲು ಮತ್ತೆ ತಿರುಗಿತು. ಈ ಸಲ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

ನೀರಿನ ನಡುವೆ ಜಾಲಿಗಿಡಗಳು ಅರ್ಧ ಮುಳುಗಿ ನಿಂತಿದ್ದವು. ಟೊಂಗೆ ಟೊಂಗೆಗೂ ಗೂಡು. ಹಕ್ಕಿಗಳು ನಮ್ಮನ್ನು ಬಯ್ಯುತ್ತಾ ಎದ್ದವು. ಅವಳು ಮಾತ್ರ ಹಕ್ಕಿ ನೋಡಲಿಲ್ಲ. ಗಿಡದ ಬೊಡ್ಡೆ ನೀರಿಗೆ ಇಳಿದಲ್ಲಿ ಬಗ್ಗಿ ಬಹಳ ಹೊತ್ತು ನೋಡಿದಳು.

“ಗಿಡಕ್ಕ ಬೇರು ಅದಾವ, ನಿಂತಾದ,” ಅಂದಳು. “ಆ ಊರಾಗ ಮನಿಗಿ ಪಾಯಾ ಹೆಂಗ ತೋಡಿದ್ರು? ನೀರಾಗ ತಗ್ಗು ತೋಡಿದ್ರ ಮುಚ್ಚಂಗಿಲ್ಲೇನು?”

“ಗೊತ್ತಿಲ್ಲ.”

“ಮಾಸ್ತರು ಹೇಳ್ಲಿಲ್ಲ?”

“ನಾ ಕೇಳ್ಲಿಲ್ಲ.”

“ಮತ್ತ ಸಾಲ್ಯಾಗ ಕುಂತು ಏನ್ ಮಾಡಾಕತ್ತೀರಿ? ನಾಳಿ ಕೇಳಕೊಂಡು ಬರ್ರಿ. ಕುರಿ ನಾ ಹೊಡಕೊಂಡು ಹೋಗ್ತೀನಿ.”

ಮಾಸ್ತರರಿಗೂ ತಟ್ಟನೆ ಗೊತ್ತಾಗಲಿಲ್ಲ. ಯಾದಗಿರಿಗೆ ಹೋದಾಗ ಯಾರನ್ನೋ ವಿಚಾರಿಸಿಕೊಂಡು ಬಂದು, ಕೆಸರಿನಲ್ಲಿ ಮರದ ಕಂಬ ಒತ್ತೊತ್ತಾಗಿ ಬಡಿದು ಅದರ ಮೇಲೆ ಕಲ್ಲು ಕೂರಿಸಿದ್ದಾರೆ ಅಂದರು. ಅವತ್ತು ಸಂಜೆ ಅವಳು ಮನೆಗೆ ಬರುವವರೆಗೆ ನನಗೆ ತಡೆಯಲಾಗಲಿಲ್ಲ. ಊರ ಹೊರಗೇ ಹೋಗಿ ಹೇಳಿದೆ. ಮರಿಯೊಂದನ್ನು ಹೆಗಲ ಮೇಲೆ ಹೊತ್ತುಕೊಂಡೇ ನಿಂತು ಕೇಳಿದಳು.

“ಕಟ್ಟಿಗಿ ನೀರಾಗ ಕೊಳಿಯಂಗಿಲ್ಲೇನು?”

ನಾನು ಅವಳ ಹೆಗಲ ಮರಿಯನ್ನು ನನ್ನ ಹೆಗಲಿಗೆ ಹಾಕಿಕೊಂಡೆ.

“ಹೋಗ್ರಿ,” ಅಂದಳು, “ನಾಳಿನೂ ಸಾಲಿಗಿ ಹೋಗ್ರಿ.”